ಆಯಿಯ ಸಂಜೆ ಗುಳಿಗೆ

ಕೌಜಲಗಿ
೧೭ ಆಗಸ್ಟ್ ೨೦೨೫

ಪ್ರೀತಿಯ ಅವ್ವಾ,

ಜೈ ಜಿನೇಂದ್ರ. ನಿನ್ನ ಮೊಣಕಾಲು ಹೇಗಿದೆ? ಕಣಗಲಾದ ಬಸದಿಯ ಕಲ್ಲಿನ ಮೇಲೆ ದಿನವಿಡೀ ಕೂತರೆ ಏಳುವಾಗ ಕಂಬ ಹಿಡಿಯಬೇಕಾಗುತ್ತದೆ ಅಂತ ನನಗೆ ಗೊತ್ತು. ಜಮಖಾನೆ ಮಡಿಚಿ ಹಾಕಿಕೋ, ನಾಚಿಕೊಳ್ಳಬೇಡ. ಚಾತುರ್ಮಾಸ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಅಂತ ನೇಮ ಹಿಡಿದು ಹೋದೆಯಲ್ಲ ಮಹರಾಯ್ತೀ, ಅದಕ್ಕೇ ಈ ಕಾಗದ. ನಾಳೆ ನಿತಿನ ಬೈಕ್ ಮೇಲೆ ಸಂಕೇಶ್ವರಕ್ಕೆ ಹೋಗುವವನಿದ್ದಾನೆ, ಅಲ್ಲಿಂದ ಕಣಗಲಾ ಹತ್ತಿರವೇ, ಅವನ ಕೈಯಲ್ಲಿ ಕಳಿಸುತ್ತೇನೆ. ಬಾಯಿಮಾತಿನಲ್ಲೇ ಹೇಳಿ ಕಳಿಸಬಹುದಿತ್ತು, ಆದರೆ ನನ್ನ ತಮ್ಮನ ಗುಣ ನಿನಗೆ ಗೊತ್ತಲ್ಲ; ನಾವು ಇಲಿ ಅಂದರೆ ಅವನು ಅಲ್ಲಿ ಬಂದು ಹುಲಿ ಅನ್ನುತ್ತಾನೆ. ಇಲ್ಲಿ ಎಲ್ಲರೂ ಆರಾಮ. ಅಪ್ಪ ಅರಿಶಿನಕ್ಕೆ ಮಣ್ಣು ಏರಿಸುವ ಗಡಿಬಿಡಿಯಲ್ಲಿದ್ದಾನೆ. ನಿನ್ನ ಅತ್ತೆಯ, ಅಂದರೆ ನಮ್ಮ ಆಯಿಯ ಸುದ್ದಿ ಮುಂದೆ ಇದೆ, ಸೀದಾ ಕೊನೆಯ ಹಾಳೆಗೆ ಜಿಗಿಯಬೇಡ.

ಮೊದಲು ನನ್ನ ಸುದ್ದಿ. ಅವ್ವಾ, ಬಾಗಿಲು ಮುಚ್ಚಿದ್ದನ್ನು ನಾನು ಕಣ್ಣಾರೆ ನೋಡಿದೆ! ಧಾರವಾಡದ ಲ್ಯಾಬಿನಲ್ಲಿ ಏನು ಮಾಡುತ್ತೀ ಅಂತ ನೀನು ಕೇಳಿದಾಗಲೆಲ್ಲ ನಾನು ಹೇಳುವುದು, ನೀನು ಹೂಂ ಹೂಂ ಅಂತ ಬೆಳ್ಳುಳ್ಳಿ ಇಲ್ಲದ ಒಗ್ಗರಣೆ ಕಡೆ ತಿರುಗುವುದು ನಡೆದೇ ಇದೆ. ಈ ಸಲ ಕೇಳಿಸಿಕೋ. ನಮ್ಮ ಮೈಯ ಪ್ರತಿ ಜೀವಕೋಶದೊಳಗೆ ಮೈಟೋಕಾಂಡ್ರಿಯ ಅಂತ ಕೋಟೆಮನೆಯಂಥ ಪುಟ್ಟ ಪುಟ್ಟ ವಾಡೆಗಳಿವೆ. ತಿಂದ ಅನ್ನ ಶಕ್ತಿಯಾಗುವುದು ಅಲ್ಲೇ. ವಾಡೆಯ ಹೊರಗೋಡೆಗೆ ಅಗಸಿ ಬಾಗಿಲುಗಳಿವೆ. ಅವು ಪ್ರೋಟೀನಿನವೇ, ದುಂಡಗೆ ಕೊಳವೆಯ ಹಾಗೆ. ಸಾಮಾನು ಒಳಗೆ ಹೋಗುವುದೂ ತಯಾರಾದ ಶಕ್ತಿ ಹೊರಗೆ ಬರುವುದೂ ಅಲ್ಲಿಂದಲೇ. ಆರೋಗ್ಯವಾಗಿರುವಾಗ ಬೇರೆ ಕೆಲವು ಪ್ರೋಟೀನುಗಳು ಬಂದು ಆ ಬಾಗಿಲಿಗೆ ಅಂಟಿಕೊಂಡು, ಎಷ್ಟು ಬಿಡಬೇಕು ಎಷ್ಟು ತಡೆಯಬೇಕು ಅಂತ ನೋಡಿಕೊಳ್ಳುತ್ತವೆ. ಅದು ಬೇಕಾದ ಕೆಲಸವೇ. ಆಯಿಗೆ ಬಂದಿರುವ ಪಾರ್ಕಿನ್ಸನ್ ರೋಗದಲ್ಲಿ ಮಾತ್ರ ಸೈನ್ಯೂಕ್ಲೀನ್ ಅನ್ನುವ ಒಂದು ಪ್ರೋಟೀನು ಮಿದುಳಿನ ಕೋಶಗಳಲ್ಲಿ ಗುಂಪು ಕಟ್ಟಿಕೊಳ್ಳುತ್ತದೆ. ಅದಕ್ಕೊಂದು ಉದ್ದ ಬಾಲ. ಆ ಬಾಲ ಬಾಗಿಲೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ, ಒಮ್ಮೊಮ್ಮೆ ಇಡೀ ಪ್ರೋಟೀನೇ ಒಳಗೆ ನುಸುಳಿ ಅಲ್ಲಿಯ ಕೆಲಸ ಕೆಡಿಸುತ್ತದೆ ಅಂತ ತಿಳಿದವರ ಅಂದಾಜು.

ನಾವು ಕೊಬ್ಬಿನ ಒಂದು ತೆಳು ಪೊರೆ ಮಾಡಿ, ಅದರಲ್ಲಿ ಒಂದೇ ಒಂದು ಬಾಗಿಲು ಕೂರಿಸಿ, ಅದರೊಳಗಿಂದ ಹರಿಯುವ ವಿದ್ಯುತ್ತನ್ನು ಅಳೆಯುತ್ತೇವೆ. ಪೊರೆ ಒಡೆಯುವುದೇ ಹೆಚ್ಚು. ಎಷ್ಟು ಸಲ ಅತ್ತಿದ್ದೇನೋ. ರಜೆಗೆ ಬರುವ ಹಿಂದಿನ ದಿನ ಪೊರೆ ನಿಂತಿತು. ಪರದೆಯ ಮೇಲೆ ಗೆರೆ ನೆಟ್ಟಗೆ ಓಡುತ್ತಿತ್ತು. ಸೈನ್ಯೂಕ್ಲೀನ್ ಒಂದು ಹನಿ ಬಿಟ್ಟೆ. ಗೆರೆ ದಡಕ್ಕನೆ ಕೆಳಗೆ ಬಿತ್ತು, ಎದ್ದಿತು, ಮತ್ತೆ ಬಿತ್ತು! ಬಾಲ ಸಿಕ್ಕಿಕೊಳ್ಳುವುದು, ಬಿಡಿಸಿಕೊಳ್ಳುವುದು, ಎಲ್ಲಾ ನನ್ನ ಕಣ್ಣ ಮುಂದೆ. ನಾನು ಕೂಗಿದ ಕೂಗಿಗೆ ಬಾಜೂ ಕೋಣೆಯವರು ಬೆಂಕಿ ಬಿತ್ತೇನೋ ಅಂತ ಓಡಿ ಬಂದರು.

ಇನ್ನು ಆಯಿ. ನೀನು ಕಣಗಲಾಕ್ಕೆ ಹೋದದ್ದು ಯಾಕೆ ಅಂತ ಅವಳಿಗೆ ಗೊತ್ತು. ಹೊತ್ತು ಮುಳುಗಿದ ಮೇಲೆ ಅವಳ ಕೈಕಾಲು ಕಟ್ಟಿಗೆಯಾಗುತ್ತವೆ, ಜಪಸರದ ಮಣಿ ಸರಿಸಲು ಹೆಬ್ಬೆರಳು ಏಳುವುದಿಲ್ಲ. ರಾತ್ರಿ ಗುಳಿಗೆಯನ್ನು ರಾತ್ರಿಯೇ ನುಂಗಿದರೆ ಸರಿಹೋದೀತು ಅಂತ ನಿನ್ನ ಆಸೆ. ಆದರೆ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಹೊತ್ತು ಮುಳುಗಿದ ಮೇಲೆ ಗುಟುಕು ನೀರು ಕುಡಿದವಳಲ್ಲ. ದಶಲಕ್ಷಣ ಪರ್ವ ಶುರುವಾಗುವ ಮೊದಲೇ, ಅಲ್ಲಿ ಚಾತುರ್ಮಾಸಕ್ಕೆ ನಿಂತ ಮುನಿ ಮಹಾರಾಜರ ಕಾಲು ಹಿಡಿದು, ಅವಳ ನೇಮ ಸಡಿಲಿಸಲು ಅಪ್ಪಣೆ ಬೇಡುತ್ತೇನೆ ಅಂತ ನೀನು ಹೊರಟೆ. "ಪಾಪಾ ಬಂದ್ರ ನನಗ ಬರ್ಲಿ" ಅಂತ ನೀನು ಬಾಗಿಲಲ್ಲಿ ನಿಂತು ಅಂದದ್ದು ಅವಳ ಕಿವಿಗೆ ಬಿದ್ದಿದೆ. ಆವತ್ತಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು. ನಿನ್ನ ಮೇಲೆ ಸಿಟ್ಟಿಲ್ಲ ಅವ್ವಾ. ಮೈ, ನೇಮ ಎರಡರಲ್ಲಿ ಒಂದನ್ನು ಬಿಡಬೇಕಾಯಿತಲ್ಲ ಅನ್ನುವ ಸಂಕಟ, ಅಷ್ಟೇ.

ನಾನು ಬಂದ ಮರುದಿನ ಸಂಜೆ ಅವಳಿಗೆ ಊಟಕ್ಕೆ ಬಡಿಸುತ್ತಾ, ನಗಿಸಿದರೆ ಸಾಕು ಅಂತ ಇದೇ ಬಾಗಿಲಿನ ಕತೆ ಹೇಳುತ್ತಿದ್ದೆ. ನೀನು ಹೇಳಿಕೊಟ್ಟ ಹಾಗೇ ತಾಟಿನಲ್ಲಿ ಗಟ್ಟಿ ತೊಗರಿಬೇಳೆ, ಬಾಜೂದಲ್ಲಿ ಕೆನೆಹಾಲು. ಕೈ ನಡುಗುವುದು ನಿಶ್ಶಕ್ತಿಗೆ ಅಂತ ನೀನು ಎಷ್ಟು ಪ್ರೀತಿಯಿಂದ ಉಣಿಸುತ್ತಿದ್ದೆ! ಗರ್ದಿಯಾದರೆ ಬಾಗಿಲಲ್ಲಿ ಬೇಕಾದದ್ದೂ ಒಳಗೆ ಹೋಗುವುದಿಲ್ಲ ಆಯಿ, ಅಂತ ನಾನು ಹೇಳುವ ಹೊತ್ತಿಗೆ ಅವಳು ಸಂಜೆ ಗುಳಿಗೆಯನ್ನು ಆ ಹಾಲಿನಲ್ಲಿ ನುಂಗಿದಳು. ನನ್ನ ಬಾಯಿ ಅಲ್ಲೇ ನಿಂತಿತು. "ಯಾಕ ಸುಮ್ಮನಾದಿ? ನಿನ್ನ ಬಾಗಲಾನೂ ಮುಚ್ಚಿತೇನ?" ಅಂತ ಆಯಿ ನಕ್ಕಳು.

ಇದು ನನ್ನ ಲ್ಯಾಬಿನ ಬಾಗಿಲಲ್ಲ, ಬೇರೆಯದು, ಗೊಂದಲ ಮಾಡಿಕೊಳ್ಳಬೇಡ. ಆದರೆ ಈ ಗುಳಿಗೆಗೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು ಬಾಗಿಲು ಬೇಕು. ಬೇಳೆ, ಹಾಲಿನ ಪ್ರೋಟೀನು ಕರಗಿ ಆದ ಚೂರುಗಳಿಗೂ ಅದೇ ಬಾಗಿಲು. ಎರಡೂ ಒಟ್ಟಿಗೆ ಬಂದರೆ ನೂಕುನುಗ್ಗಲು, ಗುಳಿಗೆ ಹೊರಗೇ ಉಳಿಯುತ್ತದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗಾಯಿತು ನೋಡು ನಮ್ಮ ಕತೆ.

ನನ್ನ ಬುದ್ಧಿಯನ್ನಷ್ಟೇ ನಂಬದೆ ಮರುದಿನವೇ ಆಯಿಯನ್ನು ಗೋಕಾಕಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಲ್ಲಾ ಕೇಳಿ ಪೆನ್ನು ಕೆಳಗಿಟ್ಟರು. "ರಾತ್ರಿ ಅಂತ ಬರ್ದಿದ್ನಲ್ರಿ, ಹೊತ್ತ ಮುಳುಗೂ ಮುಂದ ಹಾಲಿನ್ಯಾಗ ತಗೋತೀರಿ ಅಂತ ನನಗ ಯಾರೂ ಹೇಳೇ ಇಲ್ಲಲ್ರಿ!" ಅಂದರು. ಅದಕ್ಕೆ ಆಯಿ, "ನೀವು ಕೇಳಲಿಲ್ರಿ, ನಾವು ಹೇಳಲಿಲ್ಲ. ಜೈನರು ರಾತ್ರಿ ಏನೂ ಬಾಯಾಗ ಹಾಕೂದಿಲ್ಲ ಅನ್ನೂದು ಜಗತ್ತಿಗೇ ಗೊತ್ತೈತಿ ಅಂತ ತಿಳಿದಿದ್ನಿ" ಅಂದಳು. ಬರೀ ನೀರಿನಲ್ಲಿ ಗುಳಿಗೆ ನುಂಗಿದರೆ ಉಷ್ಣವಾಗುತ್ತದೆ ಅಂತ ಹಾಲು ಕುಡಿಯುತ್ತಿದ್ದೆ ಅಂತಲೂ ಸೇರಿಸಿದಳು. ಡಾಕ್ಟರಮ್ಮ ಹೊತ್ತು ಬದಲಿಸಿ ಬರೆದುಕೊಟ್ಟರು: ಗುಳಿಗೆ ಊಟಕ್ಕೆ ಒಂದು ತಾಸು ಮೊದಲು, ಬರೀ ನೀರಿನಲ್ಲಿ; ಎರಡೂ ಹೊತ್ತು ಮುಳುಗುವ ಮೊದಲೇ. ಬೇಳೆ, ಹಾಲು ಬಿಡಬಾರದು, ಮೈಗೆ ಬೇಕು, ಆದರೆ ಗುಳಿಗೆಯಿಂದ ದೂರ. ಈಗ ಸಂಜೆ ರೊಟ್ಟಿ, ಹೀರೇಕಾಯಿ ಪಲ್ಯ ಅಷ್ಟೇ. ಗುಳಿಗೆಯ ನೀರನ್ನು ತಾನೇ ಅರಿವೆಯಲ್ಲಿ ಸೋಸಿಕೊಳ್ಳುತ್ತಾಳೆ, ನನ್ನ ಸೋಸುವಿಕೆಯ ಮೇಲೆ ಅವಳಿಗೆ ನಂಬಿಕೆಯಿಲ್ಲ!

ರೋಗ ಹೋಯಿತು ಅಂತ ತಿಳಿಯಬೇಡ. ನನ್ನ ಬಾಗಿಲಿನಲ್ಲಿ ಸಿಕ್ಕಿಕೊಂಡ ಬಾಲವನ್ನು ಬಿಡಿಸುವ ಮದ್ದು ಯಾರ ಹತ್ತಿರವೂ ಇನ್ನೂ ಇಲ್ಲ. ಕೈ ಈಗಲೂ ನಡುಗುತ್ತದೆ. ಆದರೆ ಮೊನ್ನೆ ದೀಪ ಹಚ್ಚಿದ ಮೇಲೆ ಆಯಿ ಜಪಕ್ಕೆ ಕೂತಳು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಹೆಬ್ಬೆರಳು ಒಂದು ಮಣಿ ಸರಿಸಿತು, ಇನ್ನೊಂದು ಸರಿಸಿತು, ಹಾಗೇ ಸರ ಪೂರ್ತಿಯಾಯಿತು. ನನ್ನ ಪರದೆಯ ಗೆರೆ ಬಿದ್ದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ, ಖರೆ ಹೇಳುತ್ತೇನೆ. ಅಪ್ಪ ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಂಡು ಬಂದ.

ಮಹಾರಾಜರಿಗೆ ನಮ್ಮೆಲ್ಲರ ನಮೋಸ್ತು ತಿಳಿಸು. ನಿನ್ನ ಕಾಲಿಗೆ ಹಚ್ಚುವ ಎಣ್ಣೆ ನಿತಿನನ ಹತ್ತಿರ ಕೊಟ್ಟಿದ್ದೇನೆ, ಅವನು ಮರೆತರೆ ಚೀಲ ನೀನೇ ತೆಗೆದು ನೋಡು.

ನಿನ್ನ ಹುಚ್ಚು ಮಗಳು,
ಭಕ್ತಿ

ತಾಜಾಕಲಂ: ನೀನು ಇನ್ನೂ ಮಹಾರಾಜರನ್ನು ಕೇಳಿರದಿದ್ದರೆ ಕೇಳಬೇಡ ಅವ್ವಾ! ಕೇಳಿಬಿಟ್ಟಿದ್ದರೆ, ಬೇಕಾಗಲಿಲ್ಲ ಅಂತ ಹೇಳಿ ಬಾ. ಯಾರ ತಲೆಗೂ ಪಾಪ ಬೇಡ. ಕೆಳಗಿನ ಸಾಲು ನನ್ನದಲ್ಲ. ಹೊತ್ತು ಮುಳುಗಿದೆ, ದೀಪ ಹಚ್ಚಿದೆ, ಆಯಿ ಈಗಷ್ಟೇ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಬರೆದು ವಾಪಸು ಕೊಟ್ಟಳು. ಅಕ್ಷರ ಹೋಗುತ್ತಾ ಹೋಗುತ್ತಾ ಸಾಸಿವೆಯಷ್ಟಾಗಿವೆ, ಬೆಳಕಿಗೆ ಹಿಡಿದು ಓದು.

ನಂದಾ, ನನ್ನ ನೇಮಾ ಉಳೀತು. ಇನ್ನ ನೀ ಮನಿಗೆ ಬಾರವ್ವಾ.