ಮಾತಾಡಬಾರದ ಅಂತಸ್ತು

ಮನೀಶ್ ನಗರ, ನಾಗಪುರ
೧೫ ಜುಲೈ ೨೦೨೪

ಪ್ರೀತಿಯ ಶ್ರೇಯಾ,

ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ದನಿ ನಡುಗುತ್ತದೆ. ಕಾಗದದ ಮೇಲಾದರೆ ಅದು ಯಾರಿಗೂ ಕೇಳುವುದಿಲ್ಲ. ಧಾರವಾಡದಲ್ಲಿ ಎಲ್ಲರೂ ಆರಾಮವೆಂದು ನಂಬಿದ್ದೇನೆ. ಇಲ್ಲಿ ನನಗೆ ನಿದ್ದೆಯೊಂದು ಬಿಟ್ಟು ಉಳಿದೆಲ್ಲ ಇದೆ.

ಶಾಲ್ಮಲಾಗೆ ಐದು ತಿಂಗಳು ತುಂಬಿತು. ಕುಕ್ಕರ್ ಕೂಗಿದರೂ ಬೆಚ್ಚುವುದಿಲ್ಲ. ನಾಳೆ ಅವಳು ಮಲಗಿರುವಾಗ ತಲೆಗೆ ತಂತಿ ಅಂಟಿಸಿ ಕಿವಿಯ ದೊಡ್ಡ ಪರೀಕ್ಷೆ ಮಾಡುತ್ತಾರೆ. ಅತ್ತೆಯವರದು ಒಂದೇ ಸಮಾಧಾನ: "ನಿನ್ನ ಗಂಡಾನೂ ಹಿಂಗ ಇದ್ದ. ಈಗರೆ ಕರದರ ಎಲ್ಲಿ ತಿರಗತಾನ?" ಹೃಷಿಕೇಶ ನಕ್ಕ, ನಾನೂ ನಕ್ಕೆ. ಆದರೆ ಅವನು ತೊಟ್ಟಿಲ ಹಿಂದೆ ನಿಂತು ತಟ್ಟೆ ಬಡಿದು ನೋಡುವುದನ್ನು ನಾನು ಕಂಡಿದ್ದೇನೆ.

ಇರಲಿ. ನಿನಗೆ ಹೇಳಬೇಕಾದದ್ದು ನಿನ್ನೆಯ ಆಟದ ಸುದ್ದಿ. ನಮ್ಮ ಪಾತಾಳದ ಆಟ ಇನ್ನೂ ನಡೆದಿದೆ. ನೀನು ಮದುವೆಯಾಗಿ ಹೋದಾಗ ಎರಡೇ ಅಂತಸ್ತಿತ್ತು. ಈಗ ನಕ್ಷೆಯ ಗ್ರಾಫ್ ಹಾಳೆಗಳನ್ನು ಹಾಸಿದರೆ ಹಾಲ್ ಸಾಲುವುದಿಲ್ಲ. ಮಂದಿ ಮೇಲಕ್ಕೆ ಮನೆ ಕಟ್ಟಿದರೆ ನಾನು ಕೆಳಕ್ಕೆ ಕಟ್ಟುತ್ತೇನೆಂದು ಅತ್ತೆಯವರ ತಮಾಷೆ. ನಿನಗೆ ಗೊತ್ತಲ್ಲ, ಮಾತಿನ ಮೇಲೆಯೇ ನಿಂತ ಆಟ: ಕತ್ತಲೆಯಲ್ಲಿ ಏನು ಕಾಣುತ್ತದೆಂದು ನಾನು ಹೇಳಬೇಕು, ಏನು ಮಾಡುತ್ತೇವೆಂದು ಅವರು ಹೇಳಬೇಕು, ಆಮೇಲೆ ದಾಳ. ಈ ಸಲ ಮಾತಾಡಬಾರದ ಅಂತಸ್ತೊಂದನ್ನು ಮಾಡಿದೆ. ಅಲ್ಲಿ ರಾಕ್ಷಸರು ಮಲಗಿದ್ದಾರೆ. ಮೇಜಿನ ಸುತ್ತ ಯಾರು ಬಾಯಿಬಿಟ್ಟರೂ ಏಳುತ್ತಾರೆ. ನಾನೂ ಚಿತ್ರ ಬಿಡಿಸಿಯೇ ತೋರಿಸಬೇಕು.

ಯಾಕೆಂದು ಹೃಷಿಕೇಶ ಕೇಳಲಿಲ್ಲ. ಅಲ್ಲಿ ಯಾರೂ ಹೆಚ್ಚು ಹೊತ್ತು ಇರಲಾರರೆಂದು ನನಗೆ ಖಾತ್ರಿಯಿತ್ತು. ಅದಕ್ಕೇ ನಾಲ್ಕೇ ಕೋಣೆ ಬಿಡಿಸಿ, ಪಕ್ಕದಲ್ಲೇ ಮೇಲಕ್ಕೆ ಮೆಟ್ಟಿಲು ಇಟ್ಟಿದ್ದೆ.

ಗುರುವಿನ ನೆನಪಿದೆಯಲ್ಲ, ಕಳಮನಾ ಮಾರ್ಕೆಟ್ಟಿನ ಮೆಣಸಿನಕಾಯಿ ವ್ಯಾಪಾರಿ, ಹರಾಜು ಕೂಗಿ ಪಳಗಿದ ಗಂಟಲು. ಆ ಅಂತಸ್ತಿಗೆ ಇಳಿಯುವ ಮೊದಲೇ, "ಅಕ್ಕಾ, ಇದು ನನ್ನ ಬಾಯಿ ಮುಚ್ಚಸಾಕ ಮಾಡಿದ್ದು, ಬರೋಬರ್?" ಎಂದ. ಬ್ಯಾಂಕಿನ ಉಮಾಶ್ರೀ ಅವನ ಬಾಯಿಗೆ ಚಕ್ಕುಲಿ ತುರುಕಿದಳು.

ಮೊದಲು ನಗು ತಡೆಯಲಾಗದೆ ಎಲ್ಲರೂ ಕೆಂಪಾದರು. ಆಮೇಲೆ ಗುರು ಮುಷ್ಟಿ ಬಿಡಿಸಿದ, ಅದು ದೀಪವಾಯಿತು. ಉಮಾಶ್ರೀ ಎರಡು ಬೆರಳನ್ನು ಮೇಜಿನ ಮೇಲೆ ನಡೆಸಿ ತಟ್ಟನೆ ಮಡಚಿದಳು. ಮುಂದೆ ಗುಂಡಿಯಿದೆಯೆಂದು ತಿಳಿದು ಹೃಷಿಕೇಶ ಅಲ್ಲೇ ನಿಂತ. ಯಾರೂ ಕಲಿಸಿರಲಿಲ್ಲ, ಶ್ರೇಯಾ. ಸ್ವಲ್ಪ ಹೊತ್ತಿನಲ್ಲಿ ಜಗಳವೂ ಆಯಿತು, ರಾಜಿಯೂ ಆಯಿತು. ಹೃಷಿಕೇಶನ ಗೊರಕೆಯನ್ನು ಗುರು ದನಿಯಿಲ್ಲದೆ ಹೊಟ್ಟೆ ಉಬ್ಬಿಸಿ ಇಳಿಸಿ ಅಣಕಿಸಿದ. ನಾನು ಮೆಟ್ಟಿಲಿನ ಚಿತ್ರ ಮುಂದೆ ಸರಿಸಿದೆ. ಉಮಾಶ್ರೀ ನೋಡಿ ಬೇಡವೆಂದು ತಲೆಯಲ್ಲಾಡಿಸಿ, ಹಾಳೆಯ ಖಾಲಿ ಭಾಗದ ಮೇಲೆ ಬೆರಳಿಟ್ಟಳು. ಅಲ್ಲಿ ನಾನು ಏನನ್ನೂ ಮಾಡಿರಲಿಲ್ಲ. ಅವರು ನಡೆದಂತೆಲ್ಲ ಗೋಡೆ, ಬಾಗಿಲು, ಬಾವಿ ಬಿಡಿಸುತ್ತ ಪೆನ್ಸಿಲ್ ಹಿಡಿದು ಹಿಂದೆ ಓಡಿದೆ. ನನ್ನದೇ ಪಾತಾಳದಲ್ಲಿ ನಾನು ಹೊಸಬಳಾಗಿದ್ದೆ. ತೊಡೆಯ ಮೇಲಿದ್ದ ಶಾಲ್ಮಲಾ ಆ ಕೈಗಳನ್ನೇ ನೋಡುತ್ತಿದ್ದಳು.

ಆಟ ಮುಗಿದರೂ ಎಲ್ಲರೂ ಕೈಯಲ್ಲೇ ಹರಟುತ್ತಿದ್ದರು. ಅತ್ತೆಯವರು ಹೊರಗೆ ಬಂದು, "ಯಾಕ್ರೋ, ಜಗಳಾಡೀರೇನು?" ಎಂದ ಮೇಲೆಯೇ ಮನೆಗೆ ದನಿ ಬಂತು.

ಹಿರಿಯರಿಗೆ ನಮಸ್ಕಾರ ತಿಳಿಸು. ನಿನ್ನ ಮಗನ ನೆತ್ತಿಗೆ ನನ್ನದೊಂದು ಮುತ್ತು. ನೂರು ವರ್ಷ ಬಾಳಲಿ, ನಿನ್ನನ್ನು ಸತಾಯಿಸುತ್ತಲೇ ಬಾಳಲಿ.

ನಿನ್ನ
ಸುಮೇಧಾ

ತಾ.ಕ.: ಅಂಚೆಗೆ ಹಾಕುವುದು ತಡವಾಯಿತು, ಇವತ್ತು ಗುರುವಾರ. ಪರೀಕ್ಷೆಯಾಯಿತು. ಶಾಲ್ಮಲಾಗೆ ಎರಡೂ ಕಿವಿ ಕೇಳುವುದಿಲ್ಲ. ಮುಂದೇನು ಮಾಡಬಹುದೆಂದು ಡಾಕ್ಟರು ಇನ್ನಷ್ಟೇ ಹೇಳಬೇಕು. ನಾನು ಹಾಡಿದ ಜೋಗುಳಗಳಲ್ಲಿ ಒಂದೂ ಅವಳನ್ನು ಮುಟ್ಟಿಲ್ಲ. ಮಾತಾಡಬಾರದ ಆ ಅಂತಸ್ತು ಆಟಕ್ಕೆ ಬಂದವರಿಗಾಗಿ ಮಾಡಿದ್ದಲ್ಲ. ಅಲ್ಲಿ ಬಾಳಲಾಗುತ್ತದೆಯೇ ಎಂದು ನನಗೆ ನೋಡಬೇಕಿತ್ತು. ಮೆಟ್ಟಿಲನ್ನು ರಬ್ಬರಿನಿಂದ ಅಳಿಸಿ, ಪಕ್ಕಕ್ಕೆ ಹೊಸ ಹಾಳೆ ಅಂಟಿಸಿದ್ದೇನೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಅವಳ ಮುಂದೆ ಮುಷ್ಟಿ ಬಿಡಿಸಿದೆ. ಅವಳು ದೀಪ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.