ಮೇಜಿತ್‌ನಿಂದ ಬಂದ ಕೇದಗೆ ಸುರುಳಿ

ಐಲುಕ್ ದ್ವೀಪ,
೯ ಮಾರ್ಚ್ ೨೦೧೬

ನನ್ನ ಎಮ್ಲೇನ್,

ಯೋಕ್ವೆ, ಮಗು. ನಿನಗೂ ನಿನ್ನ ಗಂಡ ಅಂಜೋಗೂ ಪ್ರೀತಿಯ ನೆನಪುಗಳು. ಉತ್ತರ ತಡವಾದುದಕ್ಕೆ ಮುನಿಯಬೇಡ. ಗಾಳಿ ಇಳಿಯದೆ ದೋಣಿ ಬಿಚ್ಚುವುದಿಲ್ಲವೆಂದು ಜೋರ್ಬಿ ಹಟ ಹಿಡಿದಿದ್ದ. ನಾಳೆ ನಿಮ್ಮ ದ್ವೀಪ ಮೇಜಿತ್‌ಗೆ ಮರಳುತ್ತಾನಂತೆ. ಈ ಕಾಗದ ಅವನ ಕೈಯಲ್ಲೇ ಬರುತ್ತಿದೆ.

ಇಲ್ಲಿ ಮಳೆಯಿಲ್ಲ. ದೀವಿಹಲಸಿನ ಮಿಡಿಗಳು ಉದುರಿಹೋದವು. ಅಕ್ಕಿಯ ಹಡಗು ಕ್ರಿಸ್‌ಮಸ್ ಕಳೆದ ಮೇಲೆ ಇತ್ತ ತಲೆಹಾಕಿಲ್ಲ. ಆದರೂ ಯಾರೂ ಹಸಿದು ಮಲಗಿಲ್ಲ. ಕಳೆದ ಸುಗ್ಗಿಯಲ್ಲಿ ನನ್ನ ಬಳಿ ಕಲಿಯುವ ಹುಡುಗಿಯರು ಗುಂಡಿಯಲ್ಲಿ ಹೂತಿಟ್ಟ ದೀವಿಹಲಸು ಹದವಾಗಿ ಹುಳಿಯೇರಿದೆ. ಗುಂಡಿಯ ಎಲೆ ಬದಲಿಸುವಾಗ ಮೂಗು ಹಿಡಿದು ಕುಣಿಯುವವರೇ, ತೆಂಗಿನ ಹಾಲು ಬೆರೆಸಿ ಸುಟ್ಟುಕೊಟ್ಟರೆ ಎಲೆಯನ್ನೂ ನೆಕ್ಕುತ್ತಾರೆ. ಅವರನ್ನು ನೋಡಿದಾಗ ಈ ದ್ವೀಪದ ಭವಿಷ್ಯದ ಬಗ್ಗೆ ನನಗೆ ಅಂಜಿಕೆಯಾಗುವುದಿಲ್ಲ. ನನ್ನ ಮಣಿಕಟ್ಟುಗಳ ಬಗ್ಗೆ ಮಾತ್ರ ಆಗುತ್ತದೆ. ಕೇದಗೆ ಹಣ್ಣಿನ ತಿರುಳನ್ನು ಹೆರೆಯಲು ಕುಳಿತರೆ ಬೆರಳು ಹಿಡಿತಕ್ಕೆ ಬರುವುದಿಲ್ಲ.

ನೀನು ಮರಳಿ ಬಂದು ಈ ಹುಡುಗಿಯರನ್ನು ವಹಿಸಿಕೊಳ್ಳಬೇಕೆಂಬ ನನ್ನ ಆಸೆಯನ್ನು ನೀನು ಬಲ್ಲೆ. ಊರ ಭೂಮಿಯ ಯಜಮಾನಿ ಲಿಬೋನಳ ಬಳಿ ಅದನ್ನು ಹೇಳಿದ್ದೆ. "ನಿಂಗೆ ಕೈಲಾಗಲ್ಲ ಅನ್ನೋದು ಖಾತ್ರಿ ಆಗ್ಲಿ. ಆವಾಗ ದಂಡೆ ಮೇಲೆ ಅವ್ರಿಬ್ರಿಗೂ ಮನೆ ಜಾಗ ಕೊಡ್ತೀನಿ, ಕರೆಸ್ಕೊ," ಅಂದಿದ್ದಳು.

ಅಷ್ಟರಲ್ಲಿ ಎಲೆಯಲ್ಲಿ ಸುತ್ತಿದ ನಿನ್ನ ಒಣ ಕೇದಗೆ ತಿರುಳಿನ ಸುರುಳಿ ಬಂದಿತು. ನಿನ್ನದು ಎಂದೆನೆ? ನಿನ್ನ ಅತ್ತೆ ತಾರ್ಜೋಳದು.

"ಬೂಬು, ಇದನ್ನ ತಾರ್ಜೋನೇ ಖುದ್ದಾಗಿ ಸುತ್ತಿದ್ದು. ಎರಡು ವರ್ಷ ಇಟ್ರೂ ಕೆಡಲ್ವಂತೆ," ಎಂದ ಜೋರ್ಬಿ. ನಿನ್ನಂತೆ ಅವನೂ ನನ್ನನ್ನು ಅಜ್ಜಿ ಎಂದೇ ಕರೆಯುವುದು.

"ನಂದು ಮೂರು ವರ್ಷ ಇರುತ್ತೆ."

"ತಿನ್ನೋರಿಲ್ದೆ ಇರ್ಬೇಕು!" ಎಂದು ನಕ್ಕು, ಸುರುಳಿಯನ್ನು ನನ್ನ ಮಡಿಲಿಗೆ ಹಾಕಿ ಹೋದ.

ಎಷ್ಟು ಅಚ್ಚುಕಟ್ಟಾದ ಸುರುಳಿ! ಎಲೆಯ ಅಂಚುಗಳನ್ನು ಒಳಮಡಿಚಿ, ನಾರಿನ ಹುರಿಯನ್ನು ಚಾಪೆಯ ನೇಯ್ಗೆಯಂತೆ ಬಿಗಿದಿದ್ದಳು. ನನಗೆ ನಿದ್ದೆ ಹತ್ತಲಿಲ್ಲವೆಂದರೆ ನೀನು ನಗುತ್ತೀಯೆ, ನಗು.

ಬೇರೆ ದ್ವೀಪದಿಂದ ಬಂದ ತಿನಿಸನ್ನು ಬಚ್ಚಿಟ್ಟು ತಿನ್ನುವ ರೂಢಿ ನಮ್ಮಲ್ಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಊರವರ ಮುಂದೆ ಎರಡು ತಟ್ಟೆ ಇಟ್ಟೆ: ಒಂದರಲ್ಲಿ ಅವಳದು, ಒಂದರಲ್ಲಿ ನನ್ನದು. ಸುತ್ತಿದ ಎಲೆಗಳನ್ನು ಬಿಚ್ಚಿ ಒಲೆಗೆ ಹಾಕಿದ್ದೆ. ಯಾವುದು ಯಾರದೆಂದು ಹೇಳಲಿಲ್ಲ. ಬಾಯಿಯೇ ತೀರ್ಪು ಕೊಡಲಿ ಎಂದುಕೊಂಡೆ. ತೀರ್ಪು ನನಗೆ ಮೊದಲೇ ಗೊತ್ತಿದೆಯೆಂಬ ಧೈರ್ಯವಿತ್ತು.

ಲಿಬೋನ್ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಹೆರ್ತೀನಾ, ಇದು ನಿಂದೇ. ಕತ್ಲಲ್ಲಿ ಕೊಟ್ರೂ ಹೇಳ್ತೀನಿ. ಜೇನು ಕಣೇ, ಜೇನು!"

ಅವಳ ಬೆರಳು ತೋರಿದ್ದು ತಾರ್ಜೋಳ ತಟ್ಟೆಯನ್ನು.

ಪಕ್ಕದ ಮನೆಯ ಅತೋತಾ ಇನ್ನೊಂದು ತಟ್ಟೆಯ ತುಂಡನ್ನು ಹಲ್ಲಲ್ಲಿ ಎಳೆದು ನೋಡಿದಳು. "ಹಂಗಾದ್ರೆ ಇದು ಮೇಜಿತ್‌ದು. ಪಾಪ, ಬರೀ ಹೊಗೆ ವಾಸ್ನೆ."

"ಹಂಗನ್ಬೇಡ ಕಣೇ, ನಮ್ಮ ಎಮ್ಲೇನ್ ಕಳ್ಸಿದ್ದು. ಹೊಸ ಊರು, ಕಲೀತಾಳೆ ಬಿಡು," ಎಂದಳು ಲಿಬೋನ್.

ಆ 'ಪಾಪ' ನನ್ನದು, ಮಗು.

ಸಭೆಯಲ್ಲಿ ಯಜಮಾನಿಯ ಮಾತನ್ನು ತಿದ್ದುವುದುಂಟೆ? ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯವೆಂದು ತಿಳಿದರು. "ನೋಡ್ರೇ, ನಾಚ್ಕೋತಾಳೆ ಮುದುಕಿ!" ಎಂದು ಲಿಬೋನ್ ನನ್ನ ಬೆನ್ನು ತಟ್ಟಿದಳು. "ಇಂಥಾ ಕೈ ಇಟ್ಕೊಂಡು ಸೋತೆ ಸೋತೆ ಅಂತೀಯಲ್ಲೇ. ಎಮ್ಲೇನ್‌ನ ಕರೆಸೋ ಮಾತು ಬಿಡು. ಪಾಪ, ಅಲ್ಲೇ ಸಂಸಾರ ಮಾಡ್ಕೊಂಡಿರ್ಲಿ."

ತಾರ್ಜೋಳ ತಟ್ಟೆ ಬರಿದಾಯಿತು. ನನ್ನದನ್ನು ನಾನೇ ಮನೆಗೆ ಹೊತ್ತು ತಂದೆ.

ಹೊಗಳಿಕೆಯನ್ನು ಇಟ್ಟುಕೊಂಡರೆ ನೀನು ಬರುವುದಿಲ್ಲ. ನೀನು ಬರಬೇಕಾದರೆ ತಾರ್ಜೋಳ ಸುರುಳಿಯ ರುಚಿ ಹೆಚ್ಚೆಂದು ನನ್ನ ಬಾಯಿಂದಲೇ ಹೊರಡಬೇಕು. ಸೋಮವಾರವೆಲ್ಲ ಇದನ್ನೇ ಅಗಿದೆ. ಮಂಗಳವಾರ ಲಿಬೋನಳ ಮನೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆ. ಚಾಪೆ ಹೆಣೆಯುತ್ತಿದ್ದವಳು ಹೆಣಿಗೆ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹೊಗೆ ವಾಸ್ನೇದು ನಿಂದಾ? ಅಯ್ಯೋ ಹೆರ್ತೀನಾ!"

"ನನ್ನ ಕೈ ಸೋತಿರೋದು ಈಗ ಖಾತ್ರಿ ಆಯ್ತಲ್ಲ? ಮನೆ ಜಾಗ ಕೊಡು."

ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. "ಅಲ್ವೇ, ಅಷ್ಟು ಚೆನ್ನಾಗಿ ಮಾಡೋಳ ಹತ್ರ ಇದಾಳೆ ಹುಡುಗಿ. ಅಲ್ಲಿಂದ ಎಳ್ಕೊಂಡು ಬಂದು ನಿನ್ ಹತ್ರ ಕೂರಿಸ್ಲಾ? ಅಲ್ಲೇ ಕಲೀಲಿ."

ಕಲಿಸುವವಳಾಗಿ ನಾನೂ ಅದೇ ಮಾತನ್ನು ಹೇಳಬೇಕಿತ್ತು.

ಆದ್ದರಿಂದ ಕಲಿ, ಎಮ್ಲೇನ್. ತಿರುಳನ್ನು ಬಿಸಿಲಿಗೆ ಹರಡುವ ಮುನ್ನ ತಾರ್ಜೋ ಏನು ಮಾಡುತ್ತಾಳೆ, ಎಷ್ಟು ತೆಳ್ಳಗೆ ಸವರುತ್ತಾಳೆ, ಯಾವಾಗ ಮಗುಚುತ್ತಾಳೆ ಎಂಬುದನ್ನು ಕಣ್ಣಿಟ್ಟು ನೋಡಿ ಬರೆ. ನನ್ನ ಹುಡುಗಿಯರಿಗೆ ಬೇಕು. ಬರಗಾಲ ಇನ್ನೂ ಬರುತ್ತದೆ. ಬಂದಾಗ ಅವರ ಮಕ್ಕಳ ಬಾಯಿಗೆ ಹೊಗೆಯಲ್ಲ, ಜೇನು ಸಿಗಲಿ. ನಾನು ಕೇಳಿದೆನೆಂದು ಮಾತ್ರ ಅವಳಿಗೆ ಹೇಳಬೇಡ.

ನಿನ್ನ ಕೈಗೆ ಬಲ, ನಿನ್ನ ಒಲೆಗೆ ಬೆಂಕಿ, ನಿನ್ನ ಮನೆಯ ಮೇಲೆ ಮಳೆ, ಎಲ್ಲವನ್ನೂ ದೇವರು ಕೊಡಲಿ.

ನಿನ್ನ ಬೂಬು,
ಹೆರ್ತೀನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನೀನು ತಾರ್ಜೋಳನ್ನು ಅಮ್ಮ ಎಂದು ಕರೆಯುತ್ತೀಯೆಂದು ಜೋರ್ಬಿ ಹೇಳಿದ. ನಿನ್ನ ತಾಯಿ ತೀರಿಕೊಂಡು ನೀನು ನನ್ನ ಮನೆಗೆ ಬಂದ ಹೊಸತರಲ್ಲಿ ಒಮ್ಮೆ ನನ್ನನ್ನೂ ಹಾಗೆ ಕರೆದಿದ್ದೆ, ನಿನಗೆ ನೆನಪಿರಲಾರದು. "ನಾನು ಬೂಬು. ಅಮ್ಮ ಅಂದ್ರೆ ಅವಳೇ," ಎಂದು ತಿದ್ದಿದ್ದೆ. 'ಅಮ್ಮ' ಎಂಬ ಆ ಮಾತನ್ನು ನಾನು ಬಿಟ್ಟುಕೊಟ್ಟದ್ದು ಸತ್ತವಳಿಗೆ, ಎಮ್ಲೇನ್. ತಾರ್ಜೋಗಲ್ಲ.