ಮೂರು ಗೇರಿನ ಸೈಕಲ್ಲೂ ಬೀಳಗಿಯ ವರನೂ

ಸಾವಳಗಿ, ತಾ. ಜಮಖಂಡಿ
೨ ನವೆಂಬರ್ ೧೯೬೯, ರವಿವಾರ

ಪ್ರೀತಿಯ ಬಾಳಣ್ಣಾ,

ನಿನಗೂ ವೈನಿಗೂ ನಮಸ್ಕಾರ. ನಿನ್ನ ಕೆಮ್ಮು ಹೇಗಿದೆ? ಪುಣೆಯಲ್ಲಿ ಈಗಾಗಲೇ ಚಳಿ ಬಿದ್ದಿರಬೇಕು, ಕಾರ್ಖಾನೆಯ ಕಬ್ಬಿಣದ ಪುಡಿ ಮೂಗಿಗೆ ಹೋಗದಂತೆ ವಸ್ತ್ರ ಕಟ್ಟಿಕೋ ಎಂದರೆ ನಿನಗೆ ಅದೂ ಅವಮಾನ. ವೈನಿಗೆ ಏಳು ತಿಂಗಳು ತುಂಬಿರಬೇಕಲ್ಲವೇ? ಕಾಲು ಬಾತರೆ ಉಪ್ಪಿನಕಾಯಿ ಬಿಡಿಸು, ಮುಖ ಬಾತರೆ ಅದೇ ದಿನ ದವಾಖಾನೆಗೆ ಕರೆದುಕೊಂಡು ಹೋಗು. ಇದನ್ನು ತಂಗಿಯಾಗಿ ಹೇಳುತ್ತಿಲ್ಲ, ನರ್ಸಬಾಯಿಯಾಗಿ ಹೇಳುತ್ತಿದ್ದೇನೆ, ಅದಕ್ಕೇ ಕೇಳು. ಇಲ್ಲಿ ಅವ್ವನ ಮೊಣಕಾಲು ನೋವು ಇದ್ದಂತೆಯೇ ಇದೆ. ಅಪ್ಪನಿಗೆ ಏನೂ ಆಗಿಲ್ಲ. ಅಪ್ಪನಿಗೆ ಯಾವತ್ತೂ ಏನೂ ಆಗುವುದಿಲ್ಲ, ಆಗುವುದೆಲ್ಲ ಅವನ ಸುತ್ತ ಇರುವವರಿಗೆ.

ನೀನು ಅಪ್ಪನಿಗೆ ಬರೆದ ಕಾರ್ಡು ಮೊನ್ನೆ ತಲುಪಿತು. ಅಪ್ಪ ಅದನ್ನು ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಓದಿದ. 'ಬೀಳಗಿಯವರು ಒಳ್ಳೆಯ ಮಂದಿ, ಗೇರಿನ ಸೈಕಲ್ ಕೇಳಿದರೆ ಕೊಟ್ಟುಬಿಡಿ, ಲಗ್ನವಾದ ಮೇಲೆ ತಾರಾಳಿಗೆ ಸೈಕಲ್ ಯಾಕೆ' ಎಂದು ಬರೆದಿದ್ದೀಯಂತೆ. ಭೇಷ್! ಪುಣೆಯಲ್ಲಿ ಕುಳಿತು ಎಷ್ಟು ಸಲೀಸಾಗಿ ದಾನ ಮಾಡುತ್ತೀ ನೋಡು. ನಿನಗೆ ಇಲ್ಲಿ ನಡೆದದ್ದು ಗೊತ್ತಿಲ್ಲ ಎಂದುಕೊಂಡು ಮೊದಲಿನಿಂದ ಹೇಳುತ್ತೇನೆ. ಗೊತ್ತಿದ್ದೂ ಬರೆದಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸು.

ನನಗೆ ಈ ಊರಿಗೆ ವರ್ಗವಾದಾಗ ನೀನೇ ಆ ಸೈಕಲ್ಲನ್ನು ರೈಲಿನಲ್ಲಿ, ಬಸ್ಸಿನ ಮೇಲೆ ಹೇರಿಕೊಂಡು ತಂದದ್ದು. ಯಾರೋ ಸಾಹೇಬ ಬಿಟ್ಟುಹೋದ ವಿಲಾಯತಿ ಸೈಕಲ್, ಹಿಂದಿನ ಗಾಲಿಯ ಹಬ್‌ನ ಹೊಟ್ಟೆಯೊಳಗೇ ಮೂರು ಗೇರು. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ, ಅದಕ್ಕೇ ಊರಿನವರಿಗೆ ಅದರ ಮೇಲೆ ಅಷ್ಟು ಸಂಶಯ. ಕಾಣದ್ದನ್ನು ನಮ್ಮವರು ದೇವರಲ್ಲಿ ಮಾತ್ರ ನಂಬುತ್ತಾರೆ. ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿರುವ ಮುದಕಪ್ಪ ಮೊದಲ ದಿನವೇ, 'ಬಾಯಾರ, ಇದನ್ನ ನಂಬಬ್ಯಾಡ್ರಿ, ಹೊಟ್ಟಿ ಬಿಚ್ಚಿ ಒಂದ ಗೇರಿಗೆ ಬೆಸದ ಬಿಡ್ತೇನಿ, ಜನ್ಮದಾಗ ತಂಟೆ ಇರೂದಿಲ್ಲ' ಎಂದಿದ್ದ. ಹಲ್ಲು ನೋಯುತ್ತದೆಂದು ದವಡೆಯನ್ನೇ ಹೊಲಿದುಬಿಡುವ ವೈದ್ಯ ಅವನು. ನಾನು ಅವನ ಅಂಗಡಿಗೆ ಗಾಳಿ ಹಾಕಿಸಲು ಬಿಟ್ಟು ಬೇರೆ ಯಾವುದಕ್ಕೂ ಹೋಗಲಿಲ್ಲ. ನೀನು ಹೇಳಿಕೊಟ್ಟದ್ದು ಎಷ್ಟು? ತಿಂಗಳಿಗೊಮ್ಮೆ ಹಬ್ ಮೇಲಿನ ಸಣ್ಣ ಮುಚ್ಚಳ ಸರಿಸಿ ಹೊಲಿಗೆ ಮಷಿನ್ನಿನ ತೆಳು ಎಣ್ಣೆ ನಾಲ್ಕು ಹನಿ ಬಿಡು, ದಪ್ಪ ಎಣ್ಣೆ ಮಾತ್ರ ಬಿಡಬೇಡ. ಎರಡನೆಯ ಗೇರಿಗೆ ಹಾಕಿ, ಒಳಗಿನ ಕಡ್ಡಿಯ ತುದಿ ಅಚ್ಚಿನ ತುದಿಗೆ ಸಮ ಇದೆಯೇ ನೋಡು, ಇಲ್ಲದಿದ್ದರೆ ಸರಪಳಿಯ ತಿರುಪನ್ನು ಸ್ವಲ್ಪ ತಿರುಗಿಸು. ಉಳಿದಂತೆ ಅದರ ತಂಟೆಗೆ ಹೋಗಬೇಡ. ಇಷ್ಟೇ. ಇಷ್ಟೇ ಮಾಡಿದೆ. ಮಳೆಗಾಲದ ಎರೆ ಮಣ್ಣಿನಲ್ಲಿ, ಬೇಸಿಗೆಯ ಧೂಳಿನಲ್ಲಿ, ಹೆರಿಗೆಯ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ತೋಟದ ವಸ್ತಿಗಳಿಗೆ ತಿರುಗಿದ್ದೇನೆ. ಏರು ಬಂದರೆ ಒಂದನೆಯದು, ಗಾಳಿ ಬೆನ್ನಿಗಿದ್ದರೆ ಮೂರನೆಯದು. ಆರು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ. ಈ ಊರಿನಲ್ಲಿ ಅಷ್ಟು ಖಾತ್ರಿಯ ಗಂಡಸನ್ನು ನಾನಿನ್ನೂ ನೋಡಿಲ್ಲ.

ಇನ್ನು ಮಹಾನವಮಿಯ ಖಂಡೆ ಪೂಜೆಯ ಕಥೆ ಕೇಳು. ಆ ದಿನ ನಾನು ಬೆಳಗ್ಗೆಯೇ ದವಾಖಾನೆಗೆ ನಡೆದು ಹೋಗಿದ್ದೆ. ಅಪ್ಪ ಎಂದಿನಂತೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಕುಡಗೋಲು ಎಲ್ಲ ಸಾಲಾಗಿ ಇಟ್ಟು ಭಂಡಾರ ಹಚ್ಚಿ ಪೂಜೆ ಮಾಡಿದ. ಸೈಕಲ್ಲಿಗೂ ಹಚ್ಚಿದ. ಹಚ್ಚಲಿ, ನಾನೇನು ಬೇಡ ಅಂದೆನೇ? ಬೀರಪ್ಪನ ಅರಿಶಿನ ಹಿಡಿಕೆಗೆ, ಸೀಟಿಗೆ ಹತ್ತಿದರೆ ಏನೂ ಕೆಡುವುದಿಲ್ಲ. ಆದರೆ ನಮ್ಮ ಅಪ್ಪನ ಭಕ್ತಿ ಸೀಟಿಗೆ ನಿಲ್ಲುವಂಥದ್ದೇ? ಎಣ್ಣೆಯ ಮುಚ್ಚಳ ಸರಿಸಿ, ಬೆಂಕಿಕಡ್ಡಿಯಿಂದ ಒತ್ತಿ ಒತ್ತಿ ಹಬ್‌ನ ಹೊಟ್ಟೆ ತುಂಬ ಭಂಡಾರ ತುಂಬಿದ್ದಾನೆ. ಅದು ಕೆಳಗಿಳಿಯಲಿಲ್ಲವೆಂದು ಅಡಿಗೆ ಮನೆಯ ಕುಸುಬಿ ಎಣ್ಣೆ ಹೊಯ್ದಿದ್ದಾನೆ. ಸಂಜೆ ಬಂದು ನೋಡಿದರೆ ಹಬ್‌ನ ಎರಡೂ ಬದಿಯಿಂದ ಹಳದಿ ಗಂಜಿ ಇಳಿಯುತ್ತಿದೆ. ಯಾಕಪ್ಪಾ ಹೀಗೆ ಮಾಡಿದೆ ಎಂದರೆ, 'ಭಂಡಾರ ಮೈಗೆ ಹಚ್ಚಿದ್ರ ಮೈ ಛಲೋ ಇರತೈತಿ, ಹೊಟ್ಟಿಗೆ ಹೋದ್ರ ಇನ್ನೂ ಛಲೋ ಅಲ್ಲೇನ ಬೇ?' ಎಂದ. ಇದಕ್ಕೆ ನೀನಾದರೆ ಏನು ಉತ್ತರ ಕೊಡುತ್ತಿದ್ದೆ? ಕುಸುಬಿ ಎಣ್ಣೆ ಒಣಗಿದರೆ ಅಂಟಾಗುತ್ತದೆಂದು ರೊಟ್ಟಿ ಬೇಯಿಸುವ ಯಾವ ಹೆಂಗಸಿಗಾದರೂ ಗೊತ್ತು, ಹಂಚಿನ ಅಂಚು ನೋಡಿದರೆ ಸಾಕು.

ತೊಳೆಯಲು ರಜೆ ಸಿಗುವ ಮೊದಲೇ, ಮುಂದಿನ ವಾರ, ಅದು ತನ್ನ ಗುಣ ತೋರಿಸಿತು. ಹೆರಿಗೆ ನೋವು ಬಂದಿದೆಯೆಂದು ವಸ್ತಿಯಿಂದ ಕರೆ ಬಂತು, ಹೊರಟೆ. ಹಳ್ಳದ ಏರಿನಲ್ಲಿ ಪೆಡಲ್ ಸರ್ರನೆ ಬರಿದೇ ತಿರುಗಿತು. ಒಳಗಿನ ಹಲ್ಲಿಗೆ ಸಿಕ್ಕಿಕೊಳ್ಳಬೇಕಾದ ಸಣ್ಣ ನಾಲಿಗೆಗಳು ಅಂಟಿನಲ್ಲಿ ಹೂತುಕೊಂಡರೆ ಇನ್ನೇನಾಗುತ್ತದೆ? ಪೆಟ್ಟಿಗೆಯ ಸಮೇತ ಮುಳ್ಳಿನ ಮೇಲೆ ಬಿದ್ದೆ. ಸೈಕಲ್ಲನ್ನು ಅಲ್ಲೇ ಬೇಲಿಗೆ ಒರಗಿಸಿ ಓಡಿದೆ. ಕೂಸೂ ಬಾಣಂತಿಯೂ ಉಳಿದರು, ಅದು ಬೀರಪ್ಪನ ಪುಣ್ಯ, ಅಪ್ಪನದಲ್ಲ. ಮರುದಿನ ದಾಕ್ತರರು ನನ್ನ ಕೈಯ ಗಾಯ ನೋಡಿ ನೆಟ್ಟಗೆ ಹೇಳಿದರು: ತಿರುಗಲು ಆಗದಿದ್ದರೆ ಈ ಹಳ್ಳಿಗಳಿಗೆ ಬೇರೆಯವರನ್ನು ಕೇಳಬೇಕಾಗುತ್ತದೆ ಎಂದು. ಅವರು ಹೇಳಿದ್ದು ತಪ್ಪಲ್ಲ. ಸೈಕಲ್ ಹೋದರೆ ನನ್ನ ನೌಕರಿಯೂ ಹೋದಂತೆ, ಇದನ್ನು ನೀನು ನಿನ್ನ ಕಾರ್ಡಿನಲ್ಲಿ ಮರೆತೆ.

ನನಗೆ ದಿಗಿಲೇನೂ ಆಗಿರಲಿಲ್ಲ. ಬಿಚ್ಚುವ ಕೆಲಸವೇ ಇರಲಿಲ್ಲ. ರಜೆಯ ದಿನ ಮುಚ್ಚಳದಿಂದ ಸೀಮೆಎಣ್ಣೆ ಬಿಟ್ಟು, ಗಾಲಿ ತಿರುಗಿಸಿ, ಅಡ್ಡ ಮಲಗಿಸಿ ಸೋರಲು ಬಿಟ್ಟು, ಹಳದಿ ಹೋಗುವ ತನಕ ಹಾಗೇ ತೊಳೆದು, ಕೊನೆಗೆ ತೆಳು ಎಣ್ಣೆ ಬಿಟ್ಟರೆ ನಾಲಿಗೆಗಳು ತಾವಾಗಿಯೇ ಏಳುತ್ತಿದ್ದವು. ಅಷ್ಟರಲ್ಲಿ ಹುನ್ನೂರಿನ ಪಾಂಡಪ್ಪ ಕಾಕಾ ಮುಂದಾಗಿ ಬೀಳಗಿಯವರನ್ನು ಕರೆದುಕೊಂಡು ಬಂದುಬಿಟ್ಟ. ಕನ್ಯೆ ನೋಡುವುದಕ್ಕೆ!

ವರನ ಹೆಸರು ಲಗಮಪ್ಪ. ಯಾವುದೋ ಕಚೇರಿಯಲ್ಲಿ ಗುಮಾಸ್ತ, ಜೇಬಿಗೆ ಎರಡು ಪೆನ್ನು. ನಾನು ಚಹಾ ಕೊಟ್ಟರೆ ಬಟ್ಟಲನ್ನು ಎಡಗೈಯಲ್ಲಿ ಹಿಡಿದು ನನ್ನನ್ನು ಬಿಟ್ಟು ನನ್ನ ಬೆನ್ನ ಹಿಂದಿನ ಸೈಕಲ್ ನೋಡಿದ. 'ಗೇರಿಂದ ಅಲ್ಲೇನ್ರಿ ಇದು?' ಎಂದು ಎದ್ದೇಬಿಟ್ಟ. ಅಂಗಳದಲ್ಲಿ ಹತ್ತಿ ಒಂದು ಸುತ್ತು ಬಂದ, ಎರಡನೆಯ ಸುತ್ತಿಗೆ ಪೆಡಲ್ ಜಾರಿ ನಡುವಿನ ಪೈಪಿನ ಮೇಲೆ ಕುಕ್ಕರಿಸಿದ. ಎಲ್ಲಿ ಕುಕ್ಕರಿಸಿದ ಎಂದು ತಂಗಿ ಬರೆಯಬಾರದು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವನ ಮೊದಲ ಮಾತು, 'ಹೆಂಗಸರು ಹತ್ತಿದ ಮ್ಯಾಲ ಮಷಿನ್ ಹಿಂಗ ಆಗೂದರಿ.' ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಅದಕ್ಕಿಂತ ಒಂದು ಹೆಜ್ಜೆ ಮುಂದೆ, ನೆಲವನ್ನೂ ಬಿಟ್ಟು ಪಕ್ಕದಲ್ಲಿ ನಿಂತವಳನ್ನು ಡೊಂಕು ಎಂದ.

ಆಮೇಲೆ ಪಾನಾ ತಾ, ಸುತ್ತಿಗೆ ತಾ ಎಂದು ಶುರುವಾಯಿತು. 'ಇದೆಲ್ಲಾ ನನಗ ಗೊತ್ತೈತ್ರಿ ಮಾವಾರ, ನಮ್ಮ ಕಾಕಾನ ಫಟಫಟಿ ನಾನ ಬಿಚ್ಚತೇನಿ' ಎಂದ. ಮಾವಾರ ಎಂದ ಕೂಡಲೇ ಅಪ್ಪನ ಮುಖ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿತು. ನಾನು ಬಾಗಿಲ ಮರೆಯಿಂದ, ಬಿಚ್ಚಬೇಡಿರಿ, ಸೀಮೆಎಣ್ಣೆ ಸಾಕು ಎಂದೆ. ಅವ್ವ ನನ್ನ ತೋಳು ಚಿವುಟಿ, 'ಸುಮ್ನಿರ ಬೇ, ಮನಿಗೆ ಬಂದ ಗಂಡಿಗೆ ಶಾಣ್ಯಾತನ ಹೇಳ್ತಾರೇನು?' ಎಂದಳು. ಸುತ್ತಿಗೆ ಬಿತ್ತು, ಹಬ್ ಬಾಯಿ ಬಿಟ್ಟಿತು, ಕೂದಲೆಳೆಯಂಥ ಸ್ಪ್ರಿಂಗುಗಳು ಟಣ್ ಎಂದು ಒಣಗಲು ಹಾಕಿದ್ದ ಜೋಳದೊಳಗೆ ಹಾರಿದವು. ಉಕ್ಕಿನ ಸಣ್ಣ ಗುಂಡೊಂದನ್ನು ಅವ್ವನ ಕೋಳಿ ನುಂಗಿತು. ಹೇಗೂ ಬೀಗರ ಊಟಕ್ಕೆ ಅದನ್ನೇ ಕೊಯ್ಯುವುದಿತ್ತು, ಗುಂಡು ಸಿಕ್ಕಿತು. ಹಾರಿಹೋದದ್ದರಲ್ಲಿ ಆ ದಿನ ಮರಳಿ ಸಿಕ್ಕ ಸಾಮಾನು ಅದೊಂದೇ. ಉಳಿದ ಹಲ್ಲು, ಗಾಲಿ, ಕಡ್ಡಿಗಳನ್ನು ಮುಂದಿಟ್ಟುಕೊಂಡು ಅವನು ಊಟದ ಹೊತ್ತಿನ ತನಕ ತಿರುವಿ ಹಾಕಿದ. ಯಾವುದು ಯಾವುದರೊಳಗೆ ಕೂಡುತ್ತದೆಂದು ಅವನಿಗೆ ತಿಳಿಯಲಿಲ್ಲ, ತಿಳಿಯಲಿಲ್ಲ ಎಂದು ಹೇಳುವುದಂತೂ ತಿಳಿಯಲೇ ಇಲ್ಲ. ಕೊನೆಗೆ, 'ಇದರಾಗ ಹಲಕಾ ಸಾಮಾನ ಹಾಕ್ಯಾರ' ಎಂದು ತೀರ್ಪು ಕೊಟ್ಟು, ಎಲ್ಲವನ್ನೂ ಟವೆಲಿನಲ್ಲಿ ಗಂಟು ಕಟ್ಟಿ, ಹಿಂದಿನ ಗಾಲಿಯನ್ನು ಹೆಗಲಿಗೆ ಹಾಕಿಕೊಂಡು, ಬೀಳಗಿಯಲ್ಲಿ ಸರಿಮಾಡಿಸಿ ಕಳಿಸುತ್ತೇನೆಂದು ಬಸ್ಸು ಹತ್ತಿದ. ಕನ್ಯೆ ಒಪ್ಪಿಗೆ ಎಂದು ಪಾಂಡಪ್ಪ ಕಾಕಾ ಬಂದು ಹೇಳಿದ. ಕನ್ಯೆ ಯಾರು, ನಾನೋ ಆ ಗಾಲಿಯೋ ಎಂದು ಕೇಳಬೇಕೆನಿಸಿತು. ಲಗ್ನವಾದ ಮೇಲೆ ನೌಕರಿ ಬಿಡಬೇಕಂತೆ, ಅದೂ ಅದೇ ಉಸಿರಿನಲ್ಲಿ ಬಂತು.

ಈಗ ಹಿಂದಿನ ಗಾಲಿ ಇಲ್ಲದ ಸೈಕಲ್ ಗೋಡೆಗೆ ಒರಗಿ ನಿಂತಿದೆ. ನಾನು ನಡೆದೇ ತಿರುಗುತ್ತಿದ್ದೇನೆ. ಗಾಲಿ ತರಿಸು ಎಂದು ದಿನವೂ ಕೇಳುತ್ತೇನೆ. ಅಪ್ಪ, 'ಹೆಂಗೂ ಅಲ್ಲೇ ಹೋಗೂ ಸೈಕಲ್, ಹೊಳ್ಳಿ ತಂದು ಮತ್ತ ಯಾಕ ಒಯ್ಯೂದು?' ಎನ್ನುತ್ತಾನೆ. ಅದರ ಮೇಲೆ ನಿನ್ನ ಕಾರ್ಡು. ಅಣ್ಣಾ, ಅಪ್ಪ ತಿಳಿಯದೆ ಅರಿಶಿನ ತುಂಬಿದ, ಆ ಗುಮಾಸ್ತ ತಿಳಿಯದೆ ಬಿಚ್ಚಿದ. ನೀನು ಎಲ್ಲ ತಿಳಿದವನು. ಎಣ್ಣೆಯ ಡಬ್ಬಿ ನನ್ನ ಕೈಗೆ ಕೊಟ್ಟು, 'ತಾರಾ, ಇದು ನಿಂದು, ಇನ್ನ ಯಾರನ್ನೂ ಬಿಟ್ಟುಬಾ ಅಂತ ಕೇಳೂದ ಬ್ಯಾಡ ನಿನಗ' ಎಂದವನು ನೀನು. ಕೊಟ್ಟದ್ದನ್ನು ನನ್ನನ್ನು ಕೇಳದೆ ಇನ್ನೊಬ್ಬನಿಗೆ ಕೊಡುವ ಹಕ್ಕು ನಿನಗೆ ಎಲ್ಲಿಂದ ಬಂತು? ಉಳಿದವರ ಮೇಲೆ ನನಗೆ ತಿರಸ್ಕಾರ. ನಿನ್ನ ಮೇಲೆ ಮಾತ್ರ ನೋವು.

ದೀಪಾವಳಿಗೆ ವೈನಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಕರೆತರಬೇಡ. ಹೆರಿಗೆಯ ಹೊತ್ತಿಗೆ ನಾನೇ ಬರುತ್ತೇನೆ. ಅವಳ ಹೊಟ್ಟೆಯಲ್ಲಿರುವ ಕೂಸಿಗೆ ಈ ಅತ್ತಿಯ ಆಶೀರ್ವಾದ, ಅದಾದರೂ ಅಜ್ಜನ ಬುದ್ಧಿ ತರದಿರಲಿ. ಅವ್ವ ನಿಮ್ಮಿಬ್ಬರನ್ನೂ ಕೇಳಿದ್ದಾಳೆ.

ಇಂತಿ ನಿನ್ನ ತಂಗಿ,
ತಾರವ್ವ

ತಾ.ಕ. ಸೋಮವಾರ, ಜಮಖಂಡಿ ಬಸ್ ಸ್ಟ್ಯಾಂಡು. ಈ ಪತ್ರವನ್ನು ಡಬ್ಬಿಗೆ ಹಾಕುವ ಮೊದಲು ಬೀಳಗಿಗೆ ಹೋಗಿ ಬಂದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವನ ಮನೆಯ ಹೊಸ್ತಿಲು ದಾಟಿ ನೆಟ್ಟಗೆ ಒಳಗೆ ಹೋದೆ. ಗಾಲಿ ಹೊರಸಿನ ಕೆಳಗೆ ಬಿದ್ದಿತ್ತು, ಟವೆಲಿನ ಗಂಟು ಬಿಚ್ಚಿಯೇ ಇರಲಿಲ್ಲ. ಅವನು ಹೊರಗೆ ಬರಲಿಲ್ಲ, ಒಳಕೋಣೆಯಿಂದಲೇ ತಾಯಿಗೆ, 'ಆಕೀನ ಕೆಡಿಸ್ಯಾಳ, ನಾ ಸರಿ ಮಾಡಾಕತ್ತೇನಿ ಅಂತ ಹೇಳ ಬೇ' ಎಂದ. ಖರೆ ಹೇಳುತ್ತೇನೆ ಅಣ್ಣಾ, ಆ ಮಾತು ಕೇಳುವ ತನಕ ನನಗೆ ಅವನ ಮೇಲೆ ಸ್ವಲ್ಪ ಮನಸ್ಸಿತ್ತು. ಅವನ ನಗು ಚೆನ್ನಾಗಿತ್ತು. ಜೋಡಿಸಲು ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಕೂಡಿ ಜೋಡಿಸುತ್ತಿದ್ದೆವೇನೋ. ಅವನ ತಾಯಿ, 'ಸೇರು ಒದಿಯೂ ಮೊದಲ ಹೊಸ್ತಿಲಾ ದಾಟಿ ಬಂದ ಹುಡಿಗಿ ನಮಗ ಬ್ಯಾಡವಾ' ಎಂದಳು. ಹೂಂನ್ರಿ ಅತ್ತಿ ಎಂದು ಗಾಲಿ, ಗಂಟು ಎತ್ತಿಕೊಂಡು ಬಂದೆ. ಗಾಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಅತ್ತಿದ್ದೇನೆ, ಅದನ್ನು ಯಾರಿಗೂ ಹೇಳಬೇಡ. ಜೋಳದಲ್ಲಿ ಕಳೆದ ಸ್ಪ್ರಿಂಗು ಪುಣೆಯಲ್ಲಿ ಸಿಕ್ಕರೆ ಕಳಿಸು, ಸಿಗದಿದ್ದರೆ ಜಮಖಂಡಿಯಲ್ಲಿ ಗಡಿಯಾರದವನ ಕಡೆ ತಂತಿ ಸುತ್ತಿಸುತ್ತೇನೆ. ಅಪ್ಪ ನಿನಗೆ ತಾರು ಹೊಡೆಸುತ್ತಾನೆ, ಬೀಳಗಿಗೆ ಹೋಗಿ ನನ್ನ ಪರವಾಗಿ ಕೈಮುಗಿ ಎಂದು. ಹೋಗಬೇಡ. ಬಸ್ಸು ಬಂತು. ಅಪ್ಪನಿಗೆ ಒಂದು ಕಾರ್ಡು ಬರಿ, ಸೈಕಲ್ ತಾರಾಳದು ಎಂದಷ್ಟೇ ಬರಿ. ಅದನ್ನು ಬರೆಯಲು ನಿನಗೆ ಆಗದಿದ್ದರೆ ನನಗೂ ಏನೂ ಬರೆಯಬೇಡ.